ನಿಲ್ಲಿಸುವ ವಿವೇಕ: ಶ್ವಾಸಕೋಶದ ಸೋಂಕು, ರಕ್ತಸೂಚಕ ಮತ್ತು ಆ್ಯಂಟಿಬಯೋಟಿಕ್



ವೈದ್ಯಕೀಯದ ಒಂದು ಜೀವಂತ ಪ್ರಶ್ನೆಯನ್ನು ಕನ್ನಡದಲ್ಲಿ, ವೈದ್ಯರಲ್ಲದವರಿಗೂ ತಿಳಿಯುವಂತೆ ಮಂಡಿಸಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕಾಗಿ ನಾನು ಆರಿಸಿಕೊಂಡದ್ದು ಪ್ರತಿ ಮನೆಯೂ ಬಲ್ಲ ಕೆಮ್ಮು ಜ್ವರವನ್ನು. ಕೆಮ್ಮಿ ಬಂದವರಿಗೆ ಆ್ಯಂಟಿಬಯೋಟಿಕ್ ಕೊಡಬೇಕೋ ಬೇಡವೋ, ಕೊಟ್ಟರೆ ಎಷ್ಟು ದಿನ ಎಂಬುದನ್ನು ತೀರ್ಮಾನಿಸಲು ರಕ್ತದಲ್ಲಿರುವ ಎರಡು ಪ್ರೋಟೀನುಗಳು ಎಷ್ಟರಮಟ್ಟಿಗೆ ನೆರವಾಗುತ್ತವೆ? ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಮತ್ತು ಪ್ರೊಕ್ಯಾಲ್ಸಿಟೋನಿನ್ ಎಂಬ ಈ ಎರಡರ ಮೇಲೆ 2004ರಿಂದೀಚೆಗೆ ಪ್ರಕಟವಾದ ದೊಡ್ಡ ಪ್ರಯೋಗಗಳನ್ನು ನಿಮ್ಮ ಮುಂದಿಟ್ಟು, ಅವುಗಳಿಂದ ನಾನು ಕಲಿತದ್ದನ್ನು ಹೇಳುತ್ತೇನೆ. ನನ್ನ ನಿಲುವನ್ನು ಮೊದಲೇ ತಿಳಿಸಿಬಿಡುತ್ತೇನೆ. ಈ ಪರೀಕ್ಷೆಗಳ ನಿಜವಾದ ಬೆಲೆ ಇರುವುದು ಔಷಧವನ್ನು ತಡೆದು ನಿಲ್ಲುವುದರಲ್ಲಿ, ಶುರುಮಾಡಿದ್ದನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವುದರಲ್ಲಿ. ಔಷಧ ಶುರುಮಾಡಲು, ಅದನ್ನು ಹೆಚ್ಚಿಸಲು ಅವುಗಳನ್ನು ನೆಪವಾಗಿ ಬಳಸಿದಲ್ಲೆಲ್ಲ ಅವು ನಿರಾಸೆಯನ್ನೇ ತಂದಿವೆ.

ಕೆಮ್ಮಿನ ಮುಂದೆ ವೈದ್ಯ

ಹೊರರೋಗಿ ವಿಭಾಗದಲ್ಲಿ ಚಳಿಗಾಲದ ಒಂದು ಬೆಳಗ್ಗೆ ಕುಳಿತರೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ: ‘ಡಾಕ್ಟ್ರೇ, ಐದು ದಿನ ಆಯ್ತು, ಕೆಮ್ಮು ಇಳೀತಾ ಇಲ್ಲ. ಹೋದ ಸಲ ಮೂರು ದಿನದ ಮಾತ್ರೆ ಕೊಟ್ಟಿದ್ರಲ್ಲ, ಅದನ್ನೇ ಬರೆದುಕೊಡಿ.’ ಆ ಮೂರು ದಿನದ ಮಾತ್ರೆ ಅಜಿಥ್ರೋಮೈಸಿನ್. ಕೇಳುವವರದು ತಪ್ಪಲ್ಲ. ಹೋದ ಸಲ ಮಾತ್ರೆ ನುಂಗಿದರು, ಕೆಮ್ಮು ಇಳಿಯಿತು. ಮಾತ್ರೆ ಇಲ್ಲದಿದ್ದರೂ ಇಳಿಯುತ್ತಿತ್ತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಾಮಾನ್ಯ ನೆಗಡಿಯ ಬೆನ್ನಿಗೆ ಬರುವ ಕೆಮ್ಮು ಒಂದು ವಾರದಲ್ಲಿ ಹೋಗಬೇಕು ಎಂದು ಜನ ಎಣಿಸುತ್ತಾರೆ. ಅಳೆದು ನೋಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಅದು ಸರಾಸರಿ 18 ದಿನ ಇರುತ್ತದೆ ಎಂದು ತಿಳಿದುಬಂದಿದೆ. ನಮ್ಮ ಎಣಿಕೆಗೂ ದೇಹದ ನಡೆಗೂ ನಡುವೆ ಇರುವ ಈ ಹತ್ತು ದಿನಗಳ ಅಂತರದಲ್ಲೇ ಎಷ್ಟೋ ಅನಗತ್ಯ ಆ್ಯಂಟಿಬಯೋಟಿಕ್ ಖರ್ಚಾಗುತ್ತದೆ.

ವೈದ್ಯರ ಕಷ್ಟವೂ ನಿಜವಾದದ್ದೇ. ಕೆಮ್ಮಿನ ಹಿಂದೆ ಇರುವುದು ವೈರಾಣುವೋ ಬ್ಯಾಕ್ಟೀರಿಯಾವೋ ಎಂದು ಎದೆಗೆ ಸ್ಟೆತಸ್ಕೋಪ್ ಇಟ್ಟ ಮಾತ್ರಕ್ಕೆ ಗೊತ್ತಾಗುವುದಿಲ್ಲ. ಕಫ ಹಳದಿ ಆದರೆ ಬ್ಯಾಕ್ಟೀರಿಯಾ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ವೈರಾಣು ಸೋಂಕಿನಲ್ಲೂ ಬಿಳಿರಕ್ತಕಣಗಳು ಕಫಕ್ಕೆ ಬಣ್ಣ ಕೊಡುತ್ತವೆ. ಕಫದ ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು. ಎಲ್ಲ ಪರೀಕ್ಷೆ ಮಾಡಿದರೂ ಉತ್ತರ ಸಿಗುತ್ತದೆ ಎಂಬ ಖಾತರಿಯಿಲ್ಲ. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಖಚಿತವಾಗಿ ಆಸ್ಪತ್ರೆಗೆ ಸೇರಿದ 2,259 ವಯಸ್ಕರನ್ನು ಅಮೆರಿಕದಲ್ಲಿ ಕೂಲಂಕಷವಾಗಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ 62ರಷ್ಟು ಜನರಲ್ಲಿ ಯಾವ ರೋಗಾಣುವೂ ಸಿಗಲಿಲ್ಲ. ಶೇ 23ರಷ್ಟು ಜನರಲ್ಲಿ ವೈರಾಣು, ಶೇ 11ರಷ್ಟು ಜನರಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡಿತು. ಅಷ್ಟು ಸೌಲಭ್ಯವಿದ್ದ ಆಸ್ಪತ್ರೆಗಳಲ್ಲೇ ಹೀಗಾದರೆ, ತಾಲ್ಲೂಕು ಆಸ್ಪತ್ರೆಯ ವೈದ್ಯರು ‘ಇರಲಿ, ಒಂದು ಆ್ಯಂಟಿಬಯೋಟಿಕ್ ಇರಲಿ’ ಎಂದು ಬರೆಯುವುದು ಅರ್ಥವಾಗುವ ಮಾತು.

ಆದರೆ ‘ಇರಲಿ’ ಎಂದು ಬರೆದ ಚೀಟಿಗೆ ಬೆಲೆ ತೆರಬೇಕಾಗುತ್ತದೆ. ಭೇದಿ, ಅಲರ್ಜಿ ಮೊದಲಾದವು ಆ ರೋಗಿ ಅಂದೇ ಕೊಡುವ ಬೆಲೆ. ಉಸಿರಾಟದ ಸೋಂಕಿಗೋ ಮೂತ್ರದ ಸೋಂಕಿಗೋ ಆ್ಯಂಟಿಬಯೋಟಿಕ್ ತೆಗೆದುಕೊಂಡವರ ಮೈಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹನ್ನೆರಡು ತಿಂಗಳವರೆಗೂ ಉಳಿಯಬಲ್ಲವು ಎಂದು 2010ರಲ್ಲಿ ಪ್ರಕಟವಾದ ಬ್ರಿಟಿಷ್ ವಿಶ್ಲೇಷಣೆ ತೋರಿಸಿತು. ಸಮಾಜ ಕೊಡುವ ಬೆಲೆ ಇನ್ನೂ ದೊಡ್ಡದು. 2019ರ ಒಂದೇ ವರ್ಷದಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬುದು 2022ರಲ್ಲಿ ಪ್ರಕಟವಾದ ಅಂದಾಜು. ಹಾಗೆ ಸಾಯುವವರಲ್ಲಿ ನವಜಾತ ಶಿಶುಗಳಿದ್ದಾರೆ, ಹೆರಿಗೆಯಾದ ತಾಯಂದಿರಿದ್ದಾರೆ, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರಿದ್ದಾರೆ. ಅವರಲ್ಲಿ ಯಾರೂ ಆ ಅನಗತ್ಯ ಮಾತ್ರೆಯನ್ನು ನುಂಗಿರದೆ ಇರಬಹುದು.

ಎರಡು ಪ್ರೋಟೀನುಗಳ ಹುಟ್ಟು

ಸಿಆರ್‌ಪಿಯ ಕತೆ ಶುರುವಾಗುವುದೇ ನ್ಯುಮೋನಿಯಾದಿಂದ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದ್ರವವನ್ನು ಪರೀಕ್ಷಿಸುತ್ತಿದ್ದರು. ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಗೋಡೆಯಿಂದ ಬೇರ್ಪಡಿಸಿದ, ಅವರು ‘ಸಿ’ ಎಂದು ಕರೆದ ಒಂದು ಅಂಶವನ್ನು ಆ ದ್ರವಕ್ಕೆ ಬೆರೆಸಿದರೆ ಅದು ಒಡೆದು ಗರಣೆ ಕಟ್ಟುತ್ತಿತ್ತು. ಕಾಯಿಲೆ ಜೋರಿದ್ದಾಗ ಹೀಗಾಗುತ್ತಿತ್ತು. ರೋಗಿ ಚೇತರಿಸಿಕೊಂಡ ಮೇಲೆ ಆಗುತ್ತಿರಲಿಲ್ಲ. ಆಗ ಪೆನಿಸಿಲಿನ್ ಇನ್ನೂ ರೋಗಿಗಳ ಕೈಗೆ ಬಂದಿರಲಿಲ್ಲ. ಆ್ಯಂಟಿಬಯೋಟಿಕ್ ಯುಗಕ್ಕೂ ಮೊದಲೇ ಕಂಡ ಈ ಪ್ರೋಟೀನು ಮುಂದೆ ಅದೇ ಆ್ಯಂಟಿಬಯೋಟಿಕ್ ಬಳಕೆಗೆ ಲಗಾಮು ಹಾಕಲು ಬಂದಿತು.

ಸಿಆರ್‌ಪಿಯನ್ನು ತಯಾರಿಸುವುದು ಯಕೃತ್ತು. ದೇಹದ ಯಾವುದೇ ಭಾಗದಲ್ಲಿ ಉರಿಯೂತವಾದರೂ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಯಕೃತ್ತಿಗೆ ಸುದ್ದಿ ಮುಟ್ಟಿಸುತ್ತದೆ. ಆರೆಂಟು ಗಂಟೆಗಳಲ್ಲಿ ಸಿಆರ್‌ಪಿ ಏರತೊಡಗಿ ಸುಮಾರು 48 ಗಂಟೆಗೆ ತುದಿ ಮುಟ್ಟುತ್ತದೆ. ಪ್ರಚೋದನೆ ನಿಂತ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಇದರ ದೋಷವೂ ಗುಣವೂ ಒಂದೇ: ಎಲ್ಲ ಬಗೆಯ ಉರಿಯೂತಕ್ಕೂ ಓಗೊಡುವುದು. ಬೀದಿಯಲ್ಲಿ ನಾಯಿ ಬೊಗಳಿದರೆ ಯಾರೋ ಬಂದಿದ್ದಾರೆ ಎಂದಷ್ಟೇ ತಿಳಿಯುತ್ತದೆ, ಬಂದವನು ಕಳ್ಳನೋ ನೆಂಟನೋ ತಿಳಿಯುವುದಿಲ್ಲ. ಆದರೆ ನಾಯಿ ಸುಮ್ಮನೆ ಮಲಗಿದ್ದರೆ ಅದೂ ಒಂದು ಸುದ್ದಿಯೇ. ಸಿಆರ್‌ಪಿಯಲ್ಲಿ ನಾವು ನೆಚ್ಚಿಕೊಳ್ಳುವುದು ಈ ಎರಡನೆಯ ಸುದ್ದಿಯನ್ನು.

ಪ್ರೊಕ್ಯಾಲ್ಸಿಟೋನಿನ್ ಬೇರೆ ಜಾತಿಯದು. ಅದು 116 ಅಮೈನೋ ಆಮ್ಲಗಳ ಸರಪಳಿ. ಆರೋಗ್ಯವಂತರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲವು ಕೋಶಗಳು ಅದನ್ನು ತಯಾರಿಸಿ, ಕತ್ತರಿಸಿ, ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನಾಗಿ ಹೊರಬಿಡುತ್ತವೆ. ರಕ್ತದಲ್ಲಿ ಮೂಲರೂಪ ಇಲ್ಲವೆನ್ನುವಷ್ಟು ಕಡಿಮೆ. ತೀವ್ರ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಅದು ನೂರಾರು ಪಟ್ಟು ಏರುತ್ತದೆ ಎಂದು ಫ್ರಾನ್ಸಿನ ಅಸಿಕೋ, ಬೊಹ್ವೋ ಮತ್ತು ಸಂಗಡಿಗರು 1993ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಇಂಥ ಸೋಂಕಿನಲ್ಲಿ ಥೈರಾಯ್ಡ್ ಮಾತ್ರವಲ್ಲ, ದೇಹದ ಬಹುತೇಕ ಅಂಗಾಂಶಗಳು ಅದನ್ನು ತಯಾರಿಸಲು ತೊಡಗುತ್ತವೆ, ಕತ್ತರಿಸುವ ವ್ಯವಸ್ಥೆ ಇಲ್ಲದ ಕಾರಣ ಹಾಗೆಯೇ ರಕ್ತಕ್ಕೆ ಸುರಿಯುತ್ತವೆ. ವೈರಾಣು ಸೋಂಕಿನಲ್ಲಿ ಹೊಮ್ಮುವ ಇಂಟರ್‌ಫೆರಾನ್-ಗಾಮಾ ಈ ಉತ್ಪಾದನೆಯನ್ನು ಅದುಮುತ್ತದೆ. ಬ್ಯಾಕ್ಟೀರಿಯಾಕ್ಕೆ ಏರು, ವೈರಾಣುವಿಗೆ ತಗ್ಗು ಎಂಬ ಈ ಗುಣವೇ ಎಲ್ಲರ ಆಸೆ ಕೆರಳಿಸಿದ್ದು. ಅದು ಸಿಆರ್‌ಪಿಗಿಂತ ಬೇಗ, ಕೆಲವೇ ಗಂಟೆಗಳಲ್ಲಿ ಏರುತ್ತದೆ. ಸೋಂಕು ಹತೋಟಿಗೆ ಬಂದರೆ ದಿನಕ್ಕೆ ಹೆಚ್ಚುಕಡಿಮೆ ಅರ್ಧದಂತೆ ಇಳಿಯುತ್ತದೆ.

ಬಾಸೆಲ್‌ನ ಏಣಿ

ಈ ಆಸೆಯನ್ನು ಒರೆಗೆ ಹಚ್ಚಿದ ಊರು ಸ್ವಿಟ್ಜರ್‌ಲೆಂಡಿನ ಬಾಸೆಲ್. ಮಿರ್ಯಮ್ ಕ್ರೈಸ್ಟ್-ಕ್ರೈನ್, ಬೆಯಾಟ್ ಮ್ಯುಲರ್ ಮತ್ತು ತಂಡದವರು ಎದೆಯ ಸೋಂಕಿನ ಶಂಕೆಯಿಂದ ಆಸ್ಪತ್ರೆಗೆ ಬಂದ 243 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವೈದ್ಯರ ರೂಢಿಯ ಚಿಕಿತ್ಸೆ. ಇನ್ನೊಂದರಲ್ಲಿ ಪ್ರೊಕ್ಯಾಲ್ಸಿಟೋನಿನ್ ಅಂಕಿ ನೋಡಿ ತೀರ್ಮಾನ. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಗುಂಪಿನಲ್ಲಿ ಶೇ 83 ಜನರಿಗೆ ಆ್ಯಂಟಿಬಯೋಟಿಕ್ ಸಿಕ್ಕಿತ್ತು, ಎರಡನೆಯದರಲ್ಲಿ ಶೇ 44. ರೋಗಿಗಳ ಚೇತರಿಕೆಯಲ್ಲಿ ವ್ಯತ್ಯಾಸವಿರಲಿಲ್ಲ.

ಅವರು ಅನುಸರಿಸಿದ ಏಣಿಯ ಮೆಟ್ಟಿಲುಗಳನ್ನು ತಿಳಿಯುವುದು ಒಳ್ಳೆಯದು. ಮಿಲಿಲೀಟರಿಗೆ 0.1 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಆ್ಯಂಟಿಬಯೋಟಿಕ್ ಖಂಡಿತ ಬೇಡ, 0.1ರಿಂದ 0.25ರವರೆಗೆ ಬೇಡ, 0.25 ದಾಟಿದರೆ ಕೊಡಿ, 0.5 ದಾಟಿದರೆ ಖಂಡಿತ ಕೊಡಿ. ಇದರ ಜೊತೆಗೆ ಎರಡು ಷರತ್ತುಗಳಿದ್ದವು. ರೋಗಿಯ ಪ್ರಾಣಕ್ಕೆ ಅಪಾಯವಿದ್ದರೆ ಅಂಕಿ ಏನೇ ಹೇಳಲಿ, ಔಷಧ ಕೊಡಬೇಕು. ಔಷಧ ತಡೆಹಿಡಿದರೆ 6ರಿಂದ 24 ಗಂಟೆಯೊಳಗೆ ರೋಗಿಯನ್ನೂ ಅಂಕಿಯನ್ನೂ ಮತ್ತೆ ನೋಡಬೇಕು. ಈ ಎರಡು ಷರತ್ತುಗಳೇ ಇಡೀ ಏಣಿಯನ್ನು ಹೊತ್ತು ನಿಲ್ಲಿಸಿರುವ ಗೋಡೆ ಎಂದು ನಾನು ನಂಬಿದ್ದೇನೆ. ಅಂಕಿಗಳನ್ನು ಬಾಯಿಪಾಠ ಮಾಡಿ ಷರತ್ತುಗಳನ್ನು ಮರೆತವರು ಈ ವಿಧಾನವನ್ನು ಬಳಸಬಾರದು.

2009ರಲ್ಲಿ ಫಿಲಿಪ್ ಶುಟ್ಜ್ ಮುಂದಾಳಾಗಿ ಸ್ವಿಟ್ಜರ್‌ಲೆಂಡಿನ ಆರು ಆಸ್ಪತ್ರೆಗಳ 1,359 ರೋಗಿಗಳ ಮೇಲೆ ನಡೆದ ಪ್ರಯೋಗ ಹೊರಬಂದಿತು. ಆ್ಯಂಟಿಬಯೋಟಿಕ್ ಬಳಕೆಯ ಸರಾಸರಿ 8.7 ದಿನಗಳಿಂದ 5.7 ದಿನಗಳಿಗೆ ಇಳಿಯಿತು. ಔಷಧದ ಅಡ್ಡಪರಿಣಾಮ ಶೇ 28.1ರಿಂದ ಶೇ 19.8ಕ್ಕೆ ಬಂದಿತು. ಸಾವು, ಐಸಿಯು, ಮರುಸೋಂಕು ಇಂಥ ಕೆಟ್ಟ ಫಲಿತಾಂಶಗಳು ಹೆಚ್ಚಲಿಲ್ಲ. 2018ರ ಹೊತ್ತಿಗೆ 26 ಪ್ರಯೋಗಗಳ 6,708 ರೋಗಿಗಳ ಮಾಹಿತಿಯನ್ನು ಒಂದೊಂದಾಗಿ ಸೇರಿಸಿ ನೋಡಿದಾಗ ಸಾವಿನ ಪ್ರಮಾಣ ಅಂಕಿ ನೋಡಿದ ಗುಂಪಿನಲ್ಲಿ ಶೇ 9, ನೋಡದ ಗುಂಪಿನಲ್ಲಿ ಶೇ 10. ಔಷಧ ಕಡಿಮೆ ಮಾಡಿದ್ದರಿಂದ ಸಾವು ಹೆಚ್ಚಲಿಲ್ಲ ಎಂಬ ಭರವಸೆ ಸಿಕ್ಕಿತು.

ಅಮೆರಿಕದ ಎಚ್ಚರಿಕೆ

ಅದೇ 2018ರಲ್ಲಿ ಅಮೆರಿಕದ 14 ಆಸ್ಪತ್ರೆಗಳಲ್ಲಿ 1,656 ರೋಗಿಗಳ ಮೇಲೆ ನಡೆದ ‘ಪ್ರೊಆ್ಯಕ್ಟ್’ ಪ್ರಯೋಗದ ವರದಿ ಬಂದಿತು. ಅಂಕಿ ನೋಡಿದವರಲ್ಲಿ ಆ್ಯಂಟಿಬಯೋಟಿಕ್ ದಿನಗಳು ಸರಾಸರಿ 4.2, ನೋಡದವರಲ್ಲಿ 4.3. ಅಂದರೆ ಪ್ರಯೋಜನ ಶೂನ್ಯ. ಸ್ವಿಟ್ಜರ್‌ಲೆಂಡಿನಲ್ಲಿ ಫಲಿಸಿದ್ದು ಇಲ್ಲೇಕೆ ಫಲಿಸಲಿಲ್ಲ?

2009ರ ಸ್ವಿಸ್ ಪ್ರಯೋಗವನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಉತ್ತರ ಕಾಣುತ್ತದೆ. ಸ್ವಿಟ್ಜರ್‌ಲೆಂಡಿನ 1,359 ಜನರಲ್ಲಿ 925 ಜನರಿಗೆ ನ್ಯುಮೋನಿಯಾ ಇತ್ತು. ಅಮೆರಿಕದಲ್ಲಿ ನ್ಯುಮೋನಿಯಾ ಇದ್ದದ್ದು ಸುಮಾರು ಐದರಲ್ಲೊಂದು ಪಾಲು ಜನರಿಗೆ. ಉಳಿದವರಲ್ಲಿ ಹೆಚ್ಚಿನವರು ಉಬ್ಬಸ, ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ಕಾಯಿಲೆ, ಬ್ರಾಂಕೈಟಿಸ್‌ನವರು. ಅಲ್ಲಿನ ವೈದ್ಯರು ಅಂಕಿ ನೋಡದೆಯೇ ಔಷಧವನ್ನು ಹಿತಮಿತವಾಗಿ ಬಳಸುತ್ತಿದ್ದರು. 2004ರ ಬಾಸೆಲ್‌ನಲ್ಲಿ ಇಳಿಸಲು ಬೇಕಾದಷ್ಟು ಅವಕಾಶವಿತ್ತು. 2018ರ ಅಮೆರಿಕದಲ್ಲಿ ಆ ಅವಕಾಶ ಕರಗಿತ್ತು. ಅಂಕಿಯ ಸಲಹೆಯನ್ನು ವೈದ್ಯರು ಕೈಬಿಟ್ಟ ಸಂದರ್ಭಗಳೂ ಕಡಿಮೆ ಇರಲಿಲ್ಲ. ಪರೀಕ್ಷೆಯ ಫಲ ರಕ್ತದೊಳಗಿನ ರಸಾಯನದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಆ ಊರಿನ ವೈದ್ಯರ ರೂಢಿ ಏನು, ಅದನ್ನು ಬದಲಿಸಲು ಅವರು ಸಿದ್ಧರಿದ್ದಾರೆಯೇ ಎಂಬುದೂ ಅಷ್ಟೇ ಮುಖ್ಯ. ಅನಗತ್ಯ ಬಳಕೆ ಹೆಚ್ಚಿರುವಲ್ಲಿ ಪರೀಕ್ಷೆಗೆ ಕೆಲಸವಿದೆ. ಆ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಅದಕ್ಕೆ ಬಹಳ ಕೆಲಸವಿದೆ.

ಬೆರಳ ತುದಿಯ ಹನಿ

ಪ್ರೊಕ್ಯಾಲ್ಸಿಟೋನಿನ್ ಆಸ್ಪತ್ರೆಯ ಪರೀಕ್ಷೆ. ಬೀದಿ ಬದಿಯ ಕ್ಲಿನಿಕ್ಕಿಗೆ ಹೊಂದುವುದು ಸಿಆರ್‌ಪಿ. ಅದನ್ನು ಮಾಡುವ ಬಗೆ ಸರಳ. ಬೆರಳ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಲು ಬಿಟ್ಟು, ಸಣ್ಣ ಸೂಜಿಯಿಂದ ಚುಚ್ಚುತ್ತಾರೆ. ಮೊದಲ ಹನಿಯನ್ನು ಹತ್ತಿಯಿಂದ ಒರೆಸಿ ತೆಗೆದು, ಎರಡನೆಯದನ್ನು ಕೂದಲೆಳೆಯಂಥ ಕೊಳವೆಗೆ ಹಿಡಿದು, ದ್ರಾವಣವಿರುವ ಪುಟ್ಟ ಪೆಟ್ಟಿಗೆಯೊಳಗಿಟ್ಟು ಯಂತ್ರದಲ್ಲಿ ಕೂರಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಅಂಕಿ ಬರುತ್ತದೆ. ರೋಗಿ ಇನ್ನೂ ಎದುರಿಗೇ ಕುಳಿತಿರುತ್ತಾರೆ ಎಂಬುದು ಇದರ ದೊಡ್ಡ ಗುಣ; ಮಾತು ಮುಗಿಯುವ ಮೊದಲೇ ಉತ್ತರ ಕೈಯಲ್ಲಿರುತ್ತದೆ. ನಾರ್ವೆ, ಸ್ವೀಡನ್, ಡೆನ್ಮಾರ್ಕ್ ದೇಶಗಳ ಕುಟುಂಬ ವೈದ್ಯರಿಗೆ ಇದು ಬಹುಕಾಲದ ರೂಢಿ. ಬ್ರಿಟನ್ನಿನ ನೈಸ್ ಸಂಸ್ಥೆ 2014ರ ನ್ಯುಮೋನಿಯಾ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಮೂರು ಮಟ್ಟ ಹಾಕಿಕೊಟ್ಟಿತು: ಪರೀಕ್ಷಿಸಿದ ಮೇಲೂ ನ್ಯುಮೋನಿಯಾ ಹೌದೋ ಅಲ್ಲವೋ ಎಂಬ ಅನುಮಾನ ಉಳಿದಿದ್ದರೆ, ಸಿಆರ್‌ಪಿ ಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದಾಗ ಆ್ಯಂಟಿಬಯೋಟಿಕ್ ಬೇಡ, 20ರಿಂದ 100ರವರೆಗೆ ಚೀಟಿ ಬರೆದುಕೊಟ್ಟು, ಹೆಚ್ಚಾದರೆ ಮಾತ್ರ ಕೊಳ್ಳಲು ಹೇಳುವುದನ್ನು ಯೋಚಿಸಬಹುದು, 100 ದಾಟಿದರೆ ಕೊಡಿ.

ಇದಕ್ಕೆ ಬುನಾದಿ ಹಾಕಿದ ಪ್ರಯೋಗಗಳಲ್ಲಿ ನೆದರ್ಲೆಂಡಿನ ಯೋಖೆನ್ ಕಾಲ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದು ನನಗೆ ಅತ್ಯಂತ ಪ್ರಿಯವಾದದ್ದು. 40 ಕುಟುಂಬ ವೈದ್ಯರು, ಕೆಮ್ಮಿ ಬಂದ 431 ರೋಗಿಗಳು. ಕೆಲವು ವೈದ್ಯರಿಗೆ ಸಿಆರ್‌ಪಿ ಯಂತ್ರ ಕೊಟ್ಟರು. ಕೆಲವರಿಗೆ ರೋಗಿಯೊಡನೆ ಮಾತನಾಡುವ ತರಬೇತಿ ಕೊಟ್ಟರು: ಅವರ ಭಯವೇನು ಎಂದು ಕೇಳುವುದು, ಕೆಮ್ಮು ಎಷ್ಟು ದಿನ ಇರುತ್ತದೆಂದು ಹೇಳುವುದು, ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕೆಂದು ತಿಳಿಸುವುದು. ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ. ಯಂತ್ರವಿದ್ದವರು ಶೇ 31 ರೋಗಿಗಳಿಗೆ ಆ್ಯಂಟಿಬಯೋಟಿಕ್ ಬರೆದರು, ಇಲ್ಲದವರು ಶೇ 53. ಮಾತಿನ ತರಬೇತಿ ಪಡೆದವರು ಶೇ 27, ಪಡೆಯದವರು ಶೇ 54. ಎರಡೂ ಇದ್ದವರು ಶೇ 23. ಮಾತಿನ ಪರಿಣಾಮ ಯಂತ್ರದ ಪರಿಣಾಮಕ್ಕಿಂತ ಕಡಿಮೆಯೇನೂ ಇರಲಿಲ್ಲ ಎಂಬುದನ್ನು ವಿದ್ಯಾರ್ಥಿ ಮಿತ್ರರು ದಯವಿಟ್ಟು ಗಮನಿಸಬೇಕು.

ಯುರೋಪಿನಾಚೆಗೂ ಇದು ನಡೆಯುತ್ತದೆಯೇ ಎಂಬುದಕ್ಕೆ ಉತ್ತರ ಸಿಕ್ಕಿದ್ದು ವಿಯೆಟ್ನಾಂನಲ್ಲಿ. ಹನೋಯ್ ಸುತ್ತಲಿನ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳೂ ವಯಸ್ಕರೂ ಸೇರಿ 2,037 ಜನರ ಮೇಲೆ ಪ್ರಯೋಗ ನಡೆಯಿತು. 2016ರ ವರದಿಯಂತೆ ಎರಡು ವಾರದೊಳಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡವರು ರೂಢಿಯ ಚಿಕಿತ್ಸೆಯಲ್ಲಿ ಶೇ 78, ಸಿಆರ್‌ಪಿ ನೋಡಿದಲ್ಲಿ ಶೇ 64. ಇಳಿಕೆ ನಿಜ, ಆದರೆ ಶೇ 64 ಇನ್ನೂ ಬಹಳ ದೊಡ್ಡ ಸಂಖ್ಯೆ. ಯಂತ್ರವೊಂದನ್ನೇ ಇಟ್ಟು ರೂಢಿ ಬದಲಾಗಲಿ ಎಂದು ಕಾದರೆ ಇಷ್ಟೇ ಸಿಗುತ್ತದೆ ಎಂದು ನಾನು ಓದಿಕೊಂಡಿದ್ದೇನೆ.

ಏರಿಸಲು ಅಲ್ಲ, ಇಳಿಸಲು

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ಅಂಕಿ ಏರಿದೆ ಎಂದು ಇನ್ನಷ್ಟು ಪ್ರಬಲ ಔಷಧ ಸೇರಿಸಿದರೆ ರೋಗಿ ಬದುಕುವ ಸಾಧ್ಯತೆ ಹೆಚ್ಚುತ್ತದೆಯೇ? ಡೆನ್ಮಾರ್ಕಿನ ಒಂಬತ್ತು ಐಸಿಯುಗಳಲ್ಲಿ 1,200 ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ದಿನವೂ ಪ್ರೊಕ್ಯಾಲ್ಸಿಟೋನಿನ್ ಅಳೆದು, ಅದು ಇಳಿಯದಿದ್ದರೆ ಔಷಧ ಹೆಚ್ಚಿಸುವುದು ಮತ್ತು ಹೊಸ ತಪಾಸಣೆ ಮಾಡುವುದು. 2011ರಲ್ಲಿ ಬಂದ ಫಲಿತಾಂಶ ಕಣ್ಣು ತೆರೆಸುವಂಥದ್ದು. ಬದುಕಿದವರ ಪ್ರಮಾಣ ಹೆಚ್ಚಲಿಲ್ಲ. ಬದಲಿಗೆ ಅಂಗಗಳಿಗೆ ಹಾನಿ ಹೆಚ್ಚಿತು, ಐಸಿಯು ವಾಸ ಉದ್ದವಾಯಿತು.

ಅದೇ ಅಂಕಿಯನ್ನು ನಿಲ್ಲಿಸುವುದಕ್ಕೆ ಬಳಸಿದಾಗ ಏನಾಯಿತು ನೋಡಿ. ನೆದರ್ಲೆಂಡಿನ ಐಸಿಯುಗಳಲ್ಲಿ 1,575 ರೋಗಿಗಳ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ನಿಯಮ ಇಷ್ಟೇ: ಪ್ರೊಕ್ಯಾಲ್ಸಿಟೋನಿನ್ ತನ್ನ ಗರಿಷ್ಠದಿಂದ ಶೇ 80ರಷ್ಟು ಇಳಿದರೆ, ಇಲ್ಲವೇ 0.5ಕ್ಕೆ ಬಂದರೆ, ಆ್ಯಂಟಿಬಯೋಟಿಕ್ ನಿಲ್ಲಿಸುವ ಸಲಹೆ ವೈದ್ಯರಿಗೆ ಹೋಗುತ್ತದೆ. ಔಷಧದ ಅವಧಿ ಏಳು ದಿನದಿಂದ ಐದಕ್ಕೆ ಇಳಿಯಿತು. 28 ದಿನಗಳಲ್ಲಿ ಸತ್ತವರ ಪ್ರಮಾಣ ಶೇ 25ರಿಂದ ಶೇ 20ಕ್ಕೆ ಬಂದಿತು.

ವಾರ್ಡಿನಲ್ಲಿ ಇದು ಹೇಗೆ ಕಾಣುತ್ತದೆ ಎಂದು ಒಂದು ಕೇಸ್ ಶೀಟನ್ನು ಕಲ್ಪಿಸಿಕೊಳ್ಳೋಣ. ಅರವತ್ತರ ಆಸುಪಾಸಿನ ರೈತ, ಬಲ ಎದೆಯ ಕೆಳಭಾಗದಲ್ಲಿ ನ್ಯುಮೋನಿಯಾ. ಬಂದ ದಿನ ಉಸಿರು ನಿಮಿಷಕ್ಕೆ 32, ಪ್ರೊಕ್ಯಾಲ್ಸಿಟೋನಿನ್ 6.4. ಅಂಕಿ ಬರುವುದಕ್ಕೆ ಮೊದಲೇ ಇಂಜೆಕ್ಷನ್ ಶುರುವಾಗಿದೆ, ಶುರುವಾಗಲೇಬೇಕಿತ್ತು. ಮೂರನೆಯ ದಿನ ಅಂಕಿ 2.1, ಜ್ವರ ಇಳಿದಿದೆ, ಆಮ್ಲಜನಕ ತೆಗೆದಿದ್ದಾರೆ. ಐದನೆಯ ದಿನ ಅಂಕಿ 0.6, ಶೇ 90ರಷ್ಟು ಇಳಿಕೆ. ರೋಗಿ ಎದ್ದು ಕುಳಿತು ಮುದ್ದೆ ಉಣ್ಣುತ್ತಿದ್ದಾರೆ. ಆದರೆ ಎಕ್ಸ್‌ರೇಯ ನೆರಳು ಹಾಗೆಯೇ ಇದೆ, ಕೆಮ್ಮು ಇದೆ. ರೂಢಿಯಂತೆ ನಡೆದರೆ ‘ನೆರಳು ಹೋಗಿಲ್ಲ, ಹತ್ತು ದಿನ ಮುಗಿಯಲಿ’ ಎಂದು ಬರೆಯುತ್ತಾರೆ. ಎಕ್ಸ್‌ರೇಯ ನೆರಳು ಮಾಯಲು ವಾರಗಳೇ ಬೇಕು; ಅದನ್ನು ಕಾಯುವುದರಲ್ಲಿ ಅರ್ಥವಿಲ್ಲ. ಉಸಿರು, ಜ್ವರ, ಊಟ, ಅಂಕಿ ನಾಲ್ಕೂ ಒಂದೇ ಮಾತು ಹೇಳುತ್ತಿವೆ. ಇಲ್ಲಿ ಇಂಜೆಕ್ಷನ್ ನಿಲ್ಲಿಸಲು ವೈದ್ಯರಿಗೆ ಬೇಕಾದದ್ದು ಧೈರ್ಯ, ಆ ಧೈರ್ಯಕ್ಕೆ ಆಧಾರವಾಗಿ ಒದಗುವುದು ಈ 0.6 ಎಂಬ ಅಂಕಿ.

ಶುರುಮಾಡುವ ವಿಷಯದಲ್ಲಿ ಮಾರ್ಗಸೂಚಿಗಳೂ ಇದೇ ಹಾದಿಗೆ ಬಂದಿವೆ. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಖಚಿತವಾದ ವಯಸ್ಕರಿಗೆ ಮೊದಲ ಪ್ರೊಕ್ಯಾಲ್ಸಿಟೋನಿನ್ ಅಂಕಿ ಎಷ್ಟೇ ಇರಲಿ ಆ್ಯಂಟಿಬಯೋಟಿಕ್ ಶುರುಮಾಡಿ ಎಂದು ಅಮೆರಿಕದ ಎದೆರೋಗ ಮತ್ತು ಸೋಂಕುರೋಗ ತಜ್ಞರ ಸಂಘಗಳು 2019ರಲ್ಲಿ ಜಂಟಿಯಾಗಿ ಹೇಳಿದವು. ಖಚಿತ ನ್ಯುಮೋನಿಯಾದ ಬಾಗಿಲಲ್ಲಿ ಅಂಕಿಯನ್ನು ಕಾವಲಿಗೆ ನಿಲ್ಲಿಸುವುದು ಅಪಾಯ ಎಂಬುದನ್ನು ನಾನೂ ಒಪ್ಪುತ್ತೇನೆ.

ಅಂಕಿ ದಾರಿ ತಪ್ಪಿಸುವಲ್ಲಿ

ಎರಡು ಸೂಚಕಗಳೂ ತಪ್ಪು ಹೇಳುವ ಸಂದರ್ಭಗಳಿವೆ. ದೊಡ್ಡ ಶಸ್ತ್ರಚಿಕಿತ್ಸೆ, ಅಪಘಾತ, ಸುಟ್ಟಗಾಯದ ನಂತರ ಬ್ಯಾಕ್ಟೀರಿಯಾ ಇಲ್ಲದೆಯೂ ಪ್ರೊಕ್ಯಾಲ್ಸಿಟೋನಿನ್ ಏರುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ಸದಾ ತುಸು ಮೇಲಿರುತ್ತದೆ. ಹುಟ್ಟಿದ ಮೊದಲ ಎರಡು ದಿನ ಶಿಶುಗಳಲ್ಲಿ ಸಹಜವಾಗಿಯೇ ಹೆಚ್ಚು. ಮೈಕೊಪ್ಲಾಸ್ಮಾದಂಥ ಬ್ಯಾಕ್ಟೀರಿಯಾದಲ್ಲಿ, ಒಂದೇ ಕಡೆ ಕಟ್ಟಿಕೊಂಡ ಕೀವಿನಲ್ಲಿ ಅದು ತಗ್ಗಿನಲ್ಲೇ ಉಳಿಯಬಹುದು. ಕೋವಿಡ್ ಕಾಲದಲ್ಲಿ ಇನ್ನೊಂದು ಪಾಠ ಕಲಿತೆವು. ಟೊಸಿಲಿಜುಮ್ಯಾಬ್ ಎಂಬ ಔಷಧ ಇಂಟರ್‌ಲ್ಯೂಕಿನ್-6ರ ದಾರಿಯನ್ನೇ ಕಟ್ಟುತ್ತದೆ. ಅದನ್ನು ಕೊಟ್ಟ ರೋಗಿಯ ಯಕೃತ್ತಿಗೆ ಸುದ್ದಿ ಮುಟ್ಟುವುದಿಲ್ಲ, ಸಿಆರ್‌ಪಿ ನೆಲಕ್ಕಿಳಿಯುತ್ತದೆ. ಒಳಗೆ ಹೊಸ ಬ್ಯಾಕ್ಟೀರಿಯಾ ಸೋಂಕು ಹಬ್ಬುತ್ತಿದ್ದರೂ ಕಾಗದದ ಮೇಲೆ ಎಲ್ಲವೂ ಚೆನ್ನಾಗಿ ಕಾಣುತ್ತದೆ.

ನಮ್ಮ ನಾಡಿಗೆ ವಿಶೇಷವಾದ ಎಚ್ಚರಿಕೆಗಳೂ ಇವೆ. ಯುರೋಪಿನ ಏಣಿಯನ್ನು ಕಟ್ಟಿದ್ದು ಮಲೇರಿಯಾ, ಸ್ಕ್ರಬ್ ಟೈಫಸ್, ಇಲಿಜ್ವರ, ಕ್ಷಯ ಅಪರೂಪವಾದ ಊರುಗಳಲ್ಲಿ. ಮಲೇರಿಯಾದಲ್ಲಿ ಬ್ಯಾಕ್ಟೀರಿಯಾ ಇಲ್ಲದೆಯೂ ಎರಡು ಅಂಕಿಗಳೂ ಏರುತ್ತವೆ. ಕ್ಷಯದಲ್ಲಿ ಸಿಆರ್‌ಪಿ ಏರುವುದು ಎಷ್ಟು ಸಾಮಾನ್ಯವೆಂದರೆ, ಎಚ್‌ಐವಿ ಇರುವವರಲ್ಲಿ ಕ್ಷಯದ ಶೋಧನೆಗೆ ಅದನ್ನು ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. ಅಲ್ಲಿನ ಮಿತಿ ಲೀಟರಿಗೆ 5 ಮಿಲಿಗ್ರಾಂ. ಮೂರು ವಾರದಿಂದ ಕೆಮ್ಮುತ್ತಿರುವ, ತೂಕ ಇಳಿದಿರುವ ಕೂಲಿಕಾರ್ಮಿಕನ ಸಿಆರ್‌ಪಿ 60 ಬಂದರೆ ಲಿವೋಫ್ಲಾಕ್ಸಾಸಿನ್ ಬರೆಯುವುದು ದೊಡ್ಡ ಪ್ರಮಾದ. ಆ ಔಷಧ ಕ್ಷಯವನ್ನು ಅರೆಬರೆ ಅದುಮಿ ಪತ್ತೆಯನ್ನು ತಡಮಾಡುತ್ತದೆ, ಆ ವೇಳೆಗೆ ಮನೆಮಂದಿಗೆಲ್ಲ ಸೋಂಕು ದಾಟಿರುತ್ತದೆ. ಅವನಿಗೆ ಮೊದಲು ಬೇಕಾದದ್ದು ಕಫದ ಪರೀಕ್ಷೆ.

ಮಕ್ಕಳ ವಿಷಯದಲ್ಲಿ ಒಂದು ಮಾತು. ಕೆಮ್ಮುವ ಮಗುವಿನ ಅಂಗಿ ಮೇಲೆತ್ತಿ, ಪೂರ್ತಿ ಒಂದು ನಿಮಿಷ ಗಡಿಯಾರ ನೋಡುತ್ತ ಉಸಿರು ಎಣಿಸುವುದನ್ನು ಯಾವ ರಕ್ತಪರೀಕ್ಷೆಯೂ ಅನಗತ್ಯ ಮಾಡಿಲ್ಲ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಉಸಿರು ಮುಟ್ಟಿದರೆ ಅದು ವೇಗದ ಉಸಿರು. ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ, ಅಂಕಿಗಾಗಿ ಕಾಯದೆ ಚಿಕಿತ್ಸೆ ಕೊಡಬೇಕು.

ನಾವು ಮಾಡಬೇಕಾದದ್ದು

ನನ್ನ ವೈದ್ಯಮಿತ್ರರಲ್ಲಿ ಮೂರು ಕೋರಿಕೆಗಳಿವೆ. ರಕ್ತ ತೆಗೆಯುವ ಮೊದಲೇ ತೀರ್ಮಾನಿಸಿ: ಅಂಕಿ ಕಡಿಮೆ ಬಂದರೆ ನಾನು ಔಷಧ ಬಿಡುತ್ತೇನೆಯೇ? ‘ಬಿಡುವುದಿಲ್ಲ’ ಎಂದು ಮನಸ್ಸು ಹೇಳಿದರೆ ಪರೀಕ್ಷೆ ಬರೆಯಬೇಡಿ. ಸಿಆರ್‌ಪಿಗೆ ರೋಗಿ ಕೆಲವು ನೂರು ರೂಪಾಯಿ ಕೊಡುತ್ತಾನೆ, ಪ್ರೊಕ್ಯಾಲ್ಸಿಟೋನಿನ್‌ಗೆ ಸಾವಿರಕ್ಕೂ ಮಿಕ್ಕಿ. ಉತ್ತರ ಬಳಸದ ಪ್ರಶ್ನೆಗೆ ಆ ಹಣ ಕೇಳುವ ಹಕ್ಕು ನಮಗಿಲ್ಲ. ಎರಡನೆಯದಾಗಿ, ಔಷಧ ಶುರುಮಾಡಿದ ದಿನವೇ ಕೇಸ್ ಶೀಟಿನಲ್ಲಿ ಮರುಪರಿಶೀಲನೆಯ ದಿನ ಬರೆಯಿರಿ. ಮೂರನೆಯ ದಿನದ ರೌಂಡ್ಸಿನಲ್ಲಿ ‘ಇನ್ನೂ ಬೇಕೇ?’ ಎಂದು ಕೇಳುವುದು ಪದ್ಧತಿಯಾಗಲಿ. ಮೂರನೆಯದಾಗಿ, ಔಷಧ ಕೊಡದೆ ಕಳಿಸುವ ಪ್ರತಿ ರೋಗಿಗೂ ಕೆಮ್ಮು ಎರಡೂವರೆ ವಾರ ಇರಬಹುದು ಎಂದು ಹೇಳಿ. ಉಸಿರುಗಟ್ಟಿದರೆ, ಜ್ವರ ಮರುಕಳಿಸಿದರೆ, ಕಫದಲ್ಲಿ ರಕ್ತ ಕಂಡರೆ ಕೂಡಲೇ ಬರಬೇಕೆಂದು ತಿಳಿಸಿ. ಬಾಗಿಲು ತೆರೆದಿದೆ ಎಂದು ಗೊತ್ತಿರುವ ರೋಗಿ ಮಾತ್ರೆಗೆ ಹಟ ಹಿಡಿಯುವುದು ಕಡಿಮೆ.

ಆಡಳಿತ ನಡೆಸುವವರಲ್ಲಿಯೂ ಒಂದು ಕೋರಿಕೆ. 2014ರ ಮಾರ್ಚಿನಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್1 ಅನುಸೂಚಿಯ ಪ್ರಕಾರ ಹಲವು ಪ್ರಬಲ ಆ್ಯಂಟಿಬಯೋಟಿಕ್‌ಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ಬರೆದಿಡಬೇಕು. ಆ ನಿಯಮ ಮೆಡಿಕಲ್ ಶಾಪಿನ ಕಟ್ಟೆಯವರೆಗೂ ತಲುಪದಿದ್ದರೆ, ಕ್ಲಿನಿಕ್ಕಿನಲ್ಲಿ ನಾವು ತಡೆದ ಮಾತ್ರೆ ಹತ್ತು ಹೆಜ್ಜೆ ಆಚೆ ಸಿಗುತ್ತದೆ. ಹಾಗೆಯೇ, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ನಗರಗಳ ‘ನಮ್ಮ ಕ್ಲಿನಿಕ್’ಗಳಲ್ಲಿ ಸಿಆರ್‌ಪಿಯನ್ನು ಮಾತಿನ ತರಬೇತಿಯ ಜೊತೆಗೆ ಇಟ್ಟು, ನಮ್ಮ ಜನರ ಮೇಲೆ, ನಮ್ಮ ಮಳೆಗಾಲದ ಜ್ವರಗಳ ನಡುವೆ ಪರೀಕ್ಷಿಸಬೇಕು. ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಕಲ್ಯಾಣ ಕರ್ನಾಟಕದಲ್ಲಿ ಜ್ವರಗಳ ಬಗೆ ಬೇರೆಬೇರೆ. ಹನೋಯ್ ಜನ ತಮ್ಮ ಊರಿನ ಪ್ರಶ್ನೆಗೆ ತಾವೇ ಉತ್ತರ ಕಂಡುಕೊಂಡರು. ಇಷ್ಟೊಂದು ವೈದ್ಯಕೀಯ ಕಾಲೇಜುಗಳಿರುವ ಕರ್ನಾಟಕಕ್ಕೆ ಅದು ಅಸಾಧ್ಯವಲ್ಲ. ಇಲ್ಲಿರುವ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ತಮ್ಮ ಪ್ರಬಂಧಕ್ಕೆ ಈ ಪ್ರಶ್ನೆಯನ್ನು ಎತ್ತಿಕೊಂಡರೆ ಈ ದತ್ತಿಯ ಆಶಯ ಸಾರ್ಥಕವಾಯಿತು ಎಂದು ತಿಳಿಯುತ್ತೇನೆ.

ಆ್ಯಂಟಿಬಯೋಟಿಕ್ ಬರೆಯಲು ವೈದ್ಯರಿಗೆ ಯಾರೂ ಕಲಿಸಬೇಕಾಗಿಲ್ಲ. ಹೊಸ ಹೌಸ್‌ಸರ್ಜನ್ನಿಗೂ ಅದು ಕರಗತವಾಗಿರುತ್ತದೆ. ಬರೆಯದೆ ಇರುವುದನ್ನು, ಬರೆದದ್ದನ್ನು ಹೊಡೆದುಹಾಕುವುದನ್ನು ಕಲಿಯಬೇಕಾಗಿದೆ. ಆ ಕಲಿಕೆಯಲ್ಲಿ ರಕ್ತದ ಅಂಕಿ ಒಂದು ಆಸರೆ. ರೋಗಿಯನ್ನು ಮತ್ತೆ ನೋಡುವ ಕಣ್ಣು, ಅವರೊಡನೆ ಆಡುವ ಮಾತು ಇನ್ನೆರಡು. ಮೂರೂ ಕೂಡಿದಾಗ ಔಷಧ ಉಳಿಯುತ್ತದೆ, ಅದು ನಿಜಕ್ಕೂ ಬೇಕಾದವರಿಗೆ ಫಲಿಸುತ್ತದೆ.